ಖಾಲಿ ಮನೆಯ ವಾಸನೆ

ಗೋಕರ್ಣಕ್ಕೋ ಮಲ್ಪೆಗೋ ಹೋಗಿ ಬಂದ ಮಕ್ಕಳ ಚೀಲದಲ್ಲಿ ಒಂದಿಷ್ಟು ಚಿಪ್ಪು ಇದ್ದೇ ಇರುತ್ತದೆ. ಮನೆಗೆ ಬಂದು, ಉಂಡು, ದೀಪ ಆರಿಸಿದ ಮೇಲೆ ಆ ಚೀಲದೊಳಗಿಂದ ಸಣ್ಣಗೆ ಕರಕರ ಸದ್ದು ಕೇಳುತ್ತದೆ. ಬಿಚ್ಚಿ ನೋಡಿದರೆ ಹೆಬ್ಬೆರಳ ಗಾತ್ರದ ಶಂಖವೊಂದು ಪ್ಲಾಸ್ಟಿಕ್ ಕವರಿನ ಗೋಡೆ ಹತ್ತಲು ಹೆಣಗುತ್ತಿರುತ್ತದೆ. ಮುಟ್ಟಿದೊಡನೆ ಅದು ಮತ್ತೆ ಬರೀ ಶಂಖ. ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಾರೆ. ಒಂದೆರಡು ದಿನದಲ್ಲಿ ಸದ್ದು ನಿಲ್ಲುತ್ತದೆ. ಆಮೇಲೆ ವಾಸನೆ ಶುರುವಾಗುತ್ತದೆ.

ಕರಾವಳಿ ಪ್ರವಾಸ ಮಾಡಿದ ಎಷ್ಟೋ ಮನೆಗಳಲ್ಲಿ ನಡೆದ ಕತೆ ಇದು. ನಮ್ಮ ಮನೆಯಲ್ಲೂ ನಡೆದಿದೆ. ಆ ರಾತ್ರಿ ಮಕ್ಕಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಶಂಖದೊಳಗೆ ಏಡಿ ಹೇಗೆ ಬಂತು? ಅಲ್ಲೇ ಹುಟ್ಟಿತೇ? ಬೆಳೆದರೆ ಏನು ಮಾಡುತ್ತದೆ?

ಈ ಜೀವಿಗೆ ಇಂಗ್ಲಿಷಿನವರು ಹರ್ಮಿಟ್ ಕ್ರ್ಯಾಬ್ ಎಂದು ಹೆಸರಿಟ್ಟರು. ನಾವೂ ಸನ್ಯಾಸಿ ಏಡಿ ಎನ್ನುತ್ತೇವೆ. ಗುಹೆಯಲ್ಲಿ ಒಂಟಿಯಾಗಿ ಕೂತ ಮುನಿಯಂತೆ ಕಂಡದ್ದರಿಂದ ಬಂದ ಹೆಸರು. ಜಪಾನೀಯರು ಇದನ್ನು ‘ಯಾದೊಕಾರಿ’ ಎನ್ನುತ್ತಾರೆ, ಎಂದರೆ ಬಿಡಾರವನ್ನು ಎರವಲು ಪಡೆದವನು. ಎರಡರಲ್ಲಿ ಜಪಾನಿನ ಹೆಸರೇ ಸತ್ಯಕ್ಕೆ ಹತ್ತಿರ. ಎರವಲು ಬೇಕಾದವನಿಗೆ ನೆರೆಹೊರೆ ಬೇಕೇ ಬೇಕು. ಈ ಏಡಿಯ ಬದುಕೆಲ್ಲ ನೆರೆಹೊರೆಯ ಮೇಲೆ ನಿಂತಿದೆ.

ಹುತ್ತ ಒಬ್ಬರದು, ವಾಸ ಇನ್ನೊಬ್ಬರದು

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಎನ್ನುತ್ತೇವಲ್ಲ, ಕಡಲತೀರದಲ್ಲಿ ನಡೆಯುವುದೂ ಅದೇ. ಶಂಖ ಕಟ್ಟುವುದು ಕಡಲ ಬಸವನಹುಳು. ತನ್ನ ಮೈಯಿಂದ ಸುಣ್ಣವನ್ನು ಒಸರಿಸಿ, ಸುತ್ತಿನ ಮೇಲೆ ಸುತ್ತು ಕೂಡಿಸುತ್ತ, ಅದು ಜೀವಮಾನವಿಡೀ ಒಂದೇ ಮನೆ ಕಟ್ಟುತ್ತದೆ. ಹುಳು ಸತ್ತಾಗ ಮನೆ ಖಾಲಿಯಾಗುತ್ತದೆ. ಸನ್ಯಾಸಿ ಏಡಿ ಬಂದು ಸೇರಿಕೊಳ್ಳುತ್ತದೆ.

ಸೇರಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಮಾಮೂಲಿ ಏಡಿಯ ಇಡೀ ಮೈಗೆ ಗಟ್ಟಿ ಕವಚವಿದೆ. ಸನ್ಯಾಸಿ ಏಡಿಗೆ ಕವಚವಿರುವುದು ಮುಂಭಾಗಕ್ಕೆ ಮಾತ್ರ. ಹಿಂಭಾಗ, ಎಂದರೆ ಹೊಟ್ಟೆ, ಸಿಪ್ಪೆ ಸುಲಿದ ಸಿಗಡಿಯಷ್ಟು ಮೆತ್ತಗೆ. ಅದನ್ನು ಹೊರಗೆ ಬಿಟ್ಟುಕೊಂಡು ಅರ್ಧ ದಿನ ತಿರುಗಿದರೂ ಮೀನಿಗೋ ಹಕ್ಕಿಗೋ ತುತ್ತು, ಇಲ್ಲವೇ ಬಿಸಿಲಿಗೆ ಒಣಗಿ ಸಾವು. ಹತ್ತು ಕಾಲುಗಳಲ್ಲಿ ಮುಂದಿನ ಎರಡು ಕೊಂಡಿಗಳು. ಅವುಗಳ ಹಿಂದಿನ ನಾಲ್ಕು ನಡೆಯಲು. ಉಳಿದ ನಾಲ್ಕು ಪುಟ್ಟ ಕಾಲುಗಳು ಒಳಗೇ ಇದ್ದು ಮನೆಯನ್ನು ಹಿಡಿದುಕೊಳ್ಳಲಿಕ್ಕೇ ಮೀಸಲು. ಬಾಲದ ತುದಿಯಲ್ಲಿ ಕೊಕ್ಕೆಗಳಿವೆ, ಅದರಲ್ಲೂ ಎಡಬದಿಯದು ದೊಡ್ಡದು. ಶಂಖದ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ತಿರುಚಿದ ಕಂಬವಿರುತ್ತದೆ. ಅದನ್ನು ನಡುಗಂಬ ಎನ್ನೋಣ. ಏಡಿ ಆ ಕೊಕ್ಕೆಯನ್ನು ನಡುಗಂಬಕ್ಕೆ ಸಿಕ್ಕಿಸಿ ಬಿಗಿಯಾಗಿ ಕೂರುತ್ತದೆ. ಯಾರಾದರೂ ಹಿಡಿದು ಎಳೆದರೆ ಮೈ ಹರಿದೀತು, ಹಿಡಿತ ಸಡಿಲವಾಗದು.

ಅದರ ಹೊಟ್ಟೆಯೂ ನೆಟ್ಟಗಿಲ್ಲ, ಒಂದು ಕಡೆಗೆ ಸುರುಳಿ ತಿರುಗಿದೆ. ಯಾಕೆಂದು ತಿಳಿಯಲು ದೇವರ ಮನೆಯ ಶಂಖವನ್ನು ಕೈಗೆತ್ತಿಕೊಳ್ಳಿ. ಸುರುಳಿಯ ಚೂಪು ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ. ಬಾಯಿ ಬಲಗಡೆಗೆ ಬರುತ್ತದೆ. ಕಡಲಿನ ಬಹುಪಾಲು ಶಂಖಗಳು ಹೀಗೆಯೇ. ನಾವು ಅಪರೂಪವೆಂದು ಪೂಜಿಸುವ ಬಲಮುರಿ ಶಂಖ ಇದಕ್ಕೆ ತದ್ವಿರುದ್ಧ. ಪೂಜೆಯಲ್ಲಿ ಸುರುಳಿಯ ತುದಿಯನ್ನು ಕೆಳಗೆ ಮಾಡಿ ನೋಡುವುದರಿಂದ ಅದು ಬಲಮುರಿ ಎನಿಸಿಕೊಂಡಿದೆ. ಜೀವಶಾಸ್ತ್ರಜ್ಞರ ಲೆಕ್ಕದಲ್ಲಿ ಅದು ಎಡಕ್ಕೆ ಸುತ್ತಿದ ಶಂಖ. ಸನ್ಯಾಸಿ ಏಡಿಯ ಹೊಟ್ಟೆ ಬಾಗಿರುವುದು ಎಲ್ಲೆಲ್ಲೂ ಸಿಗುವ ಸಾಮಾನ್ಯ ಶಂಖದ ತಿರುವಿಗೆ ಸರಿಯಾಗಿ. ಇನ್ನೊಬ್ಬರು ಕಟ್ಟಿದ ಮನೆಯ ಅಳತೆಗೆ ಇದರ ಮೈಯೇ ತಿದ್ದಿಕೊಂಡಿದೆ.

ಹೀಗೆ ತಿದ್ದಿಕೊಳ್ಳಲು ಕಾಲ ಬೇಕಲ್ಲವೇ? ಇಂಗ್ಲೆಂಡಿನ ಯಾರ್ಕ್‌ಷೈರ್ ತೀರದ ಜೇಡಿಮಣ್ಣಿನ ಪದರದಲ್ಲಿ ಸಿಕ್ಕಿದ ಒಂದು ಪಳೆಯುಳಿಕೆಯಲ್ಲಿ ಸನ್ಯಾಸಿ ಏಡಿ ಅಮೊನೈಟ್‌ನ ಚಿಪ್ಪಿನೊಳಗೆ ಕೂತಿದೆ. ಅಮೊನೈಟ್ ಎಂದರೆ ಡೈನೋಸಾರ್‌ಗಳ ಜೊತೆಗೇ ಅಳಿದುಹೋದ, ಬೊಂಡಾಸ್‌ನ ದೂರದ ನೆಂಟ. ಅಂದರೆ ಡೈನೋಸಾರ್‌ಗಳಿದ್ದ ಕಾಲಕ್ಕೇ ಈ ಜೀವಿಗಳು ಪರರ ಚಿಪ್ಪಿನಲ್ಲಿ ಸಂಸಾರ ಹೂಡಿದ್ದವು.

ಬೆಳೆಯುವ ಮೈ, ಬೆಳೆಯದ ಮನೆ

ಬಸವನಹುಳುವಿಗೆ ಮನೆ ಚಿಕ್ಕದಾಗುವ ಚಿಂತೆಯಿಲ್ಲ. ಮೈ ಬೆಳೆದಂತೆ ಅದು ಬಾಗಿಲ ಬಳಿ ಒಂದು ಸುತ್ತು ಕಟ್ಟಿಕೊಳ್ಳುತ್ತದೆ. ಏಡಿಗೆ ಕಟ್ಟುವ ವಿದ್ಯೆ ಗೊತ್ತಿಲ್ಲ. ಹಾವಿನಂತೆ ಆಗಾಗ ಪೊರೆ ಬಿಟ್ಟು ಮೈ ದೊಡ್ಡದು ಮಾಡಿಕೊಳ್ಳುತ್ತದೆ, ಶಂಖ ಮಾತ್ರ ಇದ್ದಷ್ಟೇ ಇರುತ್ತದೆ.

ಜೂನ್ ತಿಂಗಳಲ್ಲಿ ಹೊಲಿಸಿದ ಶಾಲೆಯ ಅಂಗಿ ಮಾರ್ಚ್‌ಗೆ ಮಗುವಿನ ಕಂಕುಳಲ್ಲಿ ಬಿಗಿಯುತ್ತದಲ್ಲ, ಹಾಗೆ. ಬಿಗಿಯಾದ ಶಂಖದಲ್ಲಿ ಉಳಿದ ಏಡಿಯ ಬೆಳವಣಿಗೆ ಕುಂಠಿತವಾಗುತ್ತದೆ. ಹೆಣ್ಣಾದರೆ ಮೊಟ್ಟೆ ಇಟ್ಟುಕೊಳ್ಳಲು ಜಾಗ ಸಾಲದು. ಅಪಾಯ ಬಂದಾಗ ಪೂರ್ತಿ ಒಳಗೆ ಸರಿಯಲೂ ಆಗದು. ಹಾಗೆಂದು ತೀರಾ ದೊಡ್ಡ ಶಂಖ ಹೊತ್ತರೆ ಭಾರ ಎಳೆಯುವುದರಲ್ಲೇ ಶಕ್ತಿಯೆಲ್ಲ ಖರ್ಚು. ಆದ್ದರಿಂದ ಬದುಕಿರುವಷ್ಟು ದಿನವೂ ಅದು ಹೊಸ ಮನೆಯ ಹುಡುಕಾಟದಲ್ಲಿರುತ್ತದೆ.

ಈ ಬಂಧನದಿಂದ ಬಿಡಿಸಿಕೊಂಡ ನೆಂಟನೊಬ್ಬನಿದ್ದಾನೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ದ್ವೀಪಗಳಲ್ಲಿ, ನಮ್ಮ ನಿಕೋಬಾರ್‌ನಲ್ಲೂ, ತೆಂಗಿನ ಏಡಿ ವಾಸಿಸುತ್ತದೆ. ಮರಿಯಾಗಿದ್ದಾಗ ಅದೂ ಶಂಖ ಹೊತ್ತೇ ತಿರುಗುತ್ತದೆ. ಬೆಳೆಯುತ್ತ ಹೊಟ್ಟೆಯ ಮೇಲೆ ಸ್ವಂತ ಕವಚ ಬರಿಸಿಕೊಂಡು ಶಂಖ ಬಿಟ್ಟುಬಿಡುತ್ತದೆ. ಬಿಟ್ಟದ್ದರ ಫಲ ನೋಡಿ: ಸುಮಾರು 4 ಕಿಲೋ ತೂಕದವರೆಗೆ ಬೆಳೆಯಬಲ್ಲದು, ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲೇ ಅತಿ ದೊಡ್ಡದು. ಉಳಿದ ಸನ್ಯಾಸಿ ಏಡಿಗಳು ಎಷ್ಟು ಬೆಳೆಯಬಹುದೆಂಬುದನ್ನು ಅವುಗಳ ತೀರದಲ್ಲಿ ಸಿಗುವ ಶಂಖಗಳು ತೀರ್ಮಾನಿಸುತ್ತವೆ.

ಮನೆ ನೋಡುವ ಕ್ರಮ

ಗೋಕರ್ಣದ ಬಳಿಯ ಬಂಡೆಗಳ ನಡುವೆ ಇಳಿತದ ಹೊತ್ತಿನಲ್ಲಿ ನೀರು ನಿಂತ ಸಣ್ಣ ಸಣ್ಣ ಗುಂಡಿಗಳಿರುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಅಂಥದೊಂದು ಗುಂಡಿಯ ಪಕ್ಕ ಅಲುಗಾಡದೆ ಕೂತರೆ ಹತ್ತು ನಿಮಿಷದಲ್ಲಿ ತಳದ ‘ಕಲ್ಲುಗಳು’ ನಡೆಯತೊಡಗುತ್ತವೆ. ಒಮ್ಮೆ ಹೀಗೆ ಕೂತಿದ್ದಾಗ ಒಂದು ಏಡಿ ಖಾಲಿ ಶಂಖವೊಂದರ ಎದುರು ನಿಂತಿತು. ಮೊದಲು ಮೀಸೆಗಳಿಂದ ಮೆಲ್ಲಗೆ ತಟ್ಟಿತು. ಕಾಲುಗಳಲ್ಲಿ ಹಿಡಿದು ಉರುಳಿಸಿತು, ಹೊರಮೈಯನ್ನೆಲ್ಲ ಸವರಿತು. ಬಾಯಿ ಮೇಲಾಗುವಂತೆ ತಿರುಗಿಸಿ ಕೊಂಡಿಯನ್ನು ಆಳಕ್ಕೆ ಇಳಿಬಿಟ್ಟಿತು, ಅಜ್ಜಿ ಉಪ್ಪಿನಕಾಯಿ ಭರಣಿಯ ತಳ ತಡವಿ ಇನ್ನೆಷ್ಟಿದೆ ಎಂದು ನೋಡಿದ ಹಾಗೆ. ಒಳಗಿದ್ದ ಮರಳನ್ನು ಚೂರುಚೂರೇ ಹೊರಹಾಕಿತು. ಆಮೇಲೆ ಕ್ಷಣಕಾಲ ಸುಮ್ಮನಾಯಿತು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹಳೆಯ ಶಂಖದಿಂದ ತಿಳಿಗುಲಾಬಿ ಬಣ್ಣದ ಬೆತ್ತಲೆ ಹೊಟ್ಟೆ ಸರ್‍ರನೆ ಹೊರಬಂದು ಹೊಸ ಶಂಖದೊಳಗೆ ಹಿಮ್ಮುಖವಾಗಿ ಇಳಿಯಿತು. ಏಡಿ ಒಂದೆರಡು ಬಾರಿ ಮೈ ಕುಲುಕಿ ಅಳತೆ ನೋಡಿತು. ಹಳೆಯ ಮನೆಯನ್ನು ಮಾತ್ರ ಇನ್ನೂ ಒಂದು ಕಾಲಲ್ಲಿ ಹಿಡಿದೇ ಇತ್ತು. ಒಗ್ಗದಿದ್ದರೆ ಮರಳಿ ಹೋಗಬೇಕಲ್ಲ! ಕೊನೆಗೆ ಕಾಲು ಸಡಿಲಿಸಿ ನಡೆದುಹೋಯಿತು.

ಮನೆ ಬದಲಾಯಿಸಿದ ಏಡಿ ನನ್ನ ಕಣ್ಣಳತೆಯಿಂದ ಮರೆಯಾಗುವ ಮೊದಲೇ ಅದು ಬಿಟ್ಟ ಶಂಖದ ಬಳಿಗೆ ಇನ್ನೊಂದು, ಚಿಕ್ಕದು, ಬಂದು ನಿಂತಿತು. ಸನ್ಯಾಸಿ ಏಡಿಗಳ ಬದುಕಿನ ಕೀಲಿಕೈ ಇರುವುದು ಈ ಎರಡನೆಯ ಏಡಿಯಲ್ಲಿ.

ತೆರವಿನ ಸರಪಳಿ

ಕಾರ್ಖಾನೆಯ ಟೌನ್‌ಶಿಪ್‌ಗಳಲ್ಲಿ ಬೆಳೆದವರಿಗೆ ಕ್ವಾರ್ಟರ್ಸ್ ಹಂಚಿಕೆ ಗೊತ್ತು. ಹಿರಿಯ ಅಧಿಕಾರಿಯೊಬ್ಬರು ನಿವೃತ್ತರಾಗಿ ದೊಡ್ಡ ಮನೆ ಬಿಡುತ್ತಾರೆ. ಅದಕ್ಕೆ ಅವರ ಕೆಳಗಿನವರು ಬರುತ್ತಾರೆ. ಅವರು ಬಿಟ್ಟ ಮನೆಗೆ ಇನ್ನೂ ಕೆಳಗಿನವರು, ಅವರ ಮನೆಗೆ ಮತ್ತೊಬ್ಬರು. ಕೊನೆಗೆ ಊರಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹೊಸಬನಿಗೂ ಒಂದು ಸೂರು ಸಿಗುತ್ತದೆ. ಖಾಲಿಯಾದದ್ದು ಒಂದೇ ಮನೆ, ಅನುಕೂಲವಾದದ್ದು ನಾಲ್ಕೈದು ಸಂಸಾರಕ್ಕೆ. ಇದನ್ನು ತೆರವಿನ ಸರಪಳಿ ಎಂದು ಕರೆಯೋಣ.

ಅಮೆರಿಕದ ಸಮಾಜಶಾಸ್ತ್ರಜ್ಞ ಹ್ಯಾರಿಸನ್ ವೈಟ್ 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸರಪಳಿಯನ್ನು ಮನುಷ್ಯರ ಉದ್ಯೋಗಗಳಲ್ಲಿ ಗುರುತಿಸಿದ್ದರು. ಒಬ್ಬ ಪಾದ್ರಿಯ ಜಾಗ ತೆರವಾದರೆ ಆ ತೆರವು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಎಂಬುದು ಅವರ ಅಧ್ಯಯನ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ತೀರದಲ್ಲಿ ಐವನ್ ಚೇಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಅದೇ ಸರಪಳಿಯನ್ನು ಸನ್ಯಾಸಿ ಏಡಿಗಳಲ್ಲಿ ಕಂಡರು. ನೀರಿನ ಗುಂಡಿಗೆ ಒಂದು ಖಾಲಿ ಶಂಖ ಹಾಕಿದರೆ ಸಾಕು, ಒಂದರ ಹಿಂದೆ ಒಂದು ಏಡಿ ಮೇಲಿನ ಮನೆಗೆ ಏರುತ್ತಿತ್ತು.

ಕೆರಿಬಿಯನ್ ತೀರದ ಬೆಲೀಜ್‌ನಲ್ಲಿ ರ್‍ಯಾಂಡಿ ರೋಟ್ಜನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನೆಲವಾಸಿ ಏಡಿಗಳಲ್ಲಿ ಕಂಡದ್ದು ಇನ್ನೂ ಸೊಗಸು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ತನಗೆ ದೊಡ್ಡದಾದ ಖಾಲಿ ಶಂಖ ಸಿಕ್ಕಿದ ಏಡಿ ಕೆಲವೊಮ್ಮೆ ಅದನ್ನು ಬಿಟ್ಟು ಹೋಗದೆ ಪಕ್ಕದಲ್ಲೇ ಕಾಯುತ್ತದೆ. ಇನ್ನೊಂದು ಬರುತ್ತದೆ, ಮತ್ತೊಂದು ಬರುತ್ತದೆ. ಬಂದವು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಒಂದರ ಶಂಖವನ್ನು ಹಿಂದಿನದು ಹಿಡಿದುಕೊಂಡು ನಿಲ್ಲುತ್ತವೆ. ಆ ಖಾಲಿ ಶಂಖಕ್ಕೆ ಸರಿಹೊಂದುವ ದೊಡ್ಡ ಏಡಿ ಬಂದದ್ದೇ ತಡ, ಅದು ಒಳಗೆ ಇಳಿಯುತ್ತದೆ. ಅದು ಬಿಟ್ಟದ್ದಕ್ಕೆ ಎರಡನೆಯದು, ಅದು ಬಿಟ್ಟದ್ದಕ್ಕೆ ಮೂರನೆಯದು. ಗಂಟೆಗಟ್ಟಲೆ ಕಾದ ಸಾಲು ಕೆಲವೇ ಸೆಕೆಂಡುಗಳಲ್ಲಿ ಮನೆ ಬದಲಾಯಿಸಿ ಮುಗಿಸುತ್ತದೆ. ಸನ್ಯಾಸಿ ಎಂದು ಕರೆಸಿಕೊಂಡ ಜೀವಿ ಹೀಗೆ ಸರದಿ ನಿಂತಿರುವುದನ್ನು ನೋಡಿದವರಿಗೆ ಅದರ ಹೆಸರು ತಪ್ಪೆಂದು ಬೇರೆ ಹೇಳಬೇಕಾಗಿಲ್ಲ.

ಸಾವಿನ ಸುದ್ದಿ

ಮನೆ ಖಾಲಿಯಾದ ಸುದ್ದಿ ಅಷ್ಟು ಬೇಗ ಹರಡುವುದು ಹೇಗೆ? ವಾಸನೆಯಿಂದ.

ಕಡಲಲ್ಲಿ ಬಸವನಹುಳುವನ್ನು ಬೇರೊಂದು ಪ್ರಾಣಿ ಕೊಂದು ತಿನ್ನುವಾಗ ಅದರ ಮಾಂಸದ ರಸ ನೀರಿಗೆ ಸೇರುತ್ತದೆ. ಸುತ್ತಲಿನ ಸನ್ಯಾಸಿ ಏಡಿಗಳು ಆ ಜಾಡು ಹಿಡಿದು ಬಂದು, ಬೇಟೆಗಾರನ ಊಟ ಮುಗಿಯುವುದನ್ನೇ ಕಾಯುತ್ತವೆ. ಅವಕ್ಕೆ ಬೇಕಿರುವುದು ಪಾತ್ರೆ, ಪದಾರ್ಥವಲ್ಲ.

ನೆಲದ ಮೇಲಿನ ಏಡಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಮಧ್ಯ ಅಮೆರಿಕದ ಕೋಸ್ಟರಿಕಾದ ಓಸಾ ಪರ್ಯಾಯದ್ವೀಪದಲ್ಲಿ ವಿಜ್ಞಾನಿ ಮಾರ್ಕ್ ಲೇಡ್ರ್ ವರ್ಷಗಳಿಂದ ಅವುಗಳನ್ನು ಗಮನಿಸಿದ್ದಾರೆ. ಅಲ್ಲಿನ ಏಡಿಗಳು ಶಂಖದ ಒಳಗೋಡೆಯನ್ನು ಸವೆಸಿ, ನಡುಗಂಬವನ್ನು ಕೆರೆದು ತೆಗೆದು, ಬಾಗಿಲು ಅಗಲಿಸಿ, ಮನೆಯನ್ನು ಹಗುರವೂ ವಿಶಾಲವೂ ಮಾಡಿಕೊಳ್ಳುತ್ತವೆ. ಒಂದು ಏಡಿ ಕೆತ್ತಿದ ಮನೆ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ತಲೆಮಾರುಗಟ್ಟಲೆ ಹೋಗುತ್ತದೆ. ಹಾಗೆ ಒಗ್ಗಿಸಿದ ಮನೆ ಸಿಗುವುದು ಇನ್ನೊಂದು ಸನ್ಯಾಸಿ ಏಡಿಯಿಂದ ಮಾತ್ರ. ಆದ್ದರಿಂದಲೇ ಲಿಯಾ ವಾಲ್ಡೆಸ್ ಮತ್ತು ಲೇಡ್ರ್ 2019ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸತ್ತ ಏಡಿಯ ಮಾಂಸದ ಚೂರಿಟ್ಟ ಕಡೆಗೆ ನೆರೆಯ ಏಡಿಗಳು ಗುಂಪುಗುಂಪಾಗಿ ನುಗ್ಗಿ ಬಂದವು. ನಮ್ಮ ಮೂಗಿಗೆ ಅದು ಸಾವಿನ ವಾಸನೆ, ಅವಕ್ಕೆ ಖಾಲಿ ಮನೆಯ ವಾಸನೆ.

ಬಾಟಲಿಯೊಳಗೆ 526

ಕೋಟ್ಯಂತರ ವರ್ಷ ನಂಬಿಕೊಂಡು ಬಂದ ಈ ಸಂಕೇತವೇ ಈಗ ಅವುಗಳ ಕೊರಳಿಗೆ ಉರುಳಾಗಿದೆ.

ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಗೂ ಪೆಸಿಫಿಕ್‌ನ ಹೆಂಡರ್ಸನ್ ದ್ವೀಪಕ್ಕೂ ಸಮುದ್ರ ರಾಶಿ ರಾಶಿ ಪ್ಲಾಸ್ಟಿಕ್ ತಂದು ಹಾಕುತ್ತದೆ. ಬಾಯಿ ಮೇಲ್ಮುಖವಾಗಿ ಬಿದ್ದ ಬಾಟಲಿಯೊಳಗೆ ಒಂದು ಏಡಿ ಇಳಿಯುತ್ತದೆ. ಗೋಡೆ ನುಣುಪು, ಹತ್ತಿ ಬರಲಾಗದೆ ಅಲ್ಲೇ ಸಾಯುತ್ತದೆ. ಅದರ ವಾಸನೆ ಹೊರಗೆ ಹರಡುತ್ತದೆ: ಇಲ್ಲೊಂದು ಮನೆ ಖಾಲಿಯಾಗಿದೆ! ಎರಡನೆಯದು ಇಳಿಯುತ್ತದೆ, ಅದೂ ಸಾಯುತ್ತದೆ, ವಾಸನೆ ಹೆಚ್ಚುತ್ತದೆ. ಹೊಸ ಮನೆಯತ್ತ ಏರಿಸಬೇಕಾದ ಸರಪಳಿ ಅವುಗಳನ್ನು ಒಂದರ ಹಿಂದೆ ಒಂದರಂತೆ ಗುಂಡಿಗೆ ಎಳೆಯುತ್ತದೆ. ಒಂದೇ ಡಬ್ಬಿಯಲ್ಲಿ 526 ಏಡಿಗಳು ಸಿಕ್ಕಿದ್ದೂ ಉಂಟು. ವಿಜ್ಞಾನಿ ಜೆನಿಫರ್ ಲೇವರ್ಸ್ ಮತ್ತು ಸಂಗಡಿಗರ ಅಂದಾಜಿನಂತೆ ಈ ಎರಡು ಕಡೆಗಳಲ್ಲೇ ಹೀಗೆ ಸತ್ತ ಏಡಿಗಳ ಸಂಖ್ಯೆ ಸುಮಾರು 5,70,000.

ಶಂಖದ ಜಾಗದಲ್ಲಿ ಪ್ಲಾಸ್ಟಿಕ್ಕನ್ನೇ ಹೊತ್ತು ತಿರುಗುವ ಏಡಿಗಳೂ ಇವೆ. ಜನರು ತೆಗೆದು ಹಂಚಿಕೊಂಡ ಚಿತ್ರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಾಟಲಿ ಮುಚ್ಚಳದಂಥ ಕಸವನ್ನೇ ಮನೆ ಮಾಡಿಕೊಂಡ 386 ಏಡಿಗಳು ಕಂಡುಬಂದವು. ಪ್ರಪಂಚದ 16 ನೆಲವಾಸಿ ಪ್ರಭೇದಗಳ ಪೈಕಿ 10 ಪ್ರಭೇದಗಳು ಅವುಗಳಲ್ಲಿದ್ದವು.

ಸಾಕುವುದಾದರೆ

ಈಗ ಚೀಲದಲ್ಲಿ ಕರಕರ ಸದ್ದು ಮಾಡಿದ ಆ ಏಡಿಯ ಕಡೆಗೆ ಬರೋಣ. ನಮ್ಮ ಕಡಲತೀರದ ಬಂಡೆ, ಮರಳಲ್ಲಿ ಸಿಗುವುದು ಸಾಮಾನ್ಯವಾಗಿ ನೀರುವಾಸಿ ಬಗೆಯದು. ಕಿವಿರುಗಳಿಂದ ಕಡಲ ನೀರಿನ ಆಮ್ಲಜನಕ ಹೀರಿ ಬದುಕುವಂಥದ್ದು. ಶಂಖದೊಳಗೆ ಉಳಿದ ನೀರು ಆರುವವರೆಗೆ ಮಾತ್ರ ಅದರ ಆಯುಷ್ಯ. ಬಕೆಟ್ಟಿನ ನಲ್ಲಿ ನೀರಿಗೆ ಹಾಕಿದರೂ ಸಾಯುತ್ತದೆ. ಅದನ್ನು ಮನೆಗೆ ತರಲೇಬಾರದು.

ಪ್ರಪಂಚದ ಬೇರೆಡೆ, ವಿಶೇಷವಾಗಿ ಅಮೆರಿಕದಲ್ಲಿ, ಸಾಕಲು ಮಾರುವುದು ನೆಲವಾಸಿ ಬಗೆಯದನ್ನು. ಅದಕ್ಕೂ ಕಿವಿರೇ ಇದೆ, ಗಾಳಿಗೆ ಒಗ್ಗಿಕೊಂಡಿದೆ ಅಷ್ಟೆ. ಕಿವಿರು ಸದಾ ತೇವವಾಗಿರಬೇಕು. ಆರಿದರೆ ನಿಧಾನವಾಗಿ ಉಸಿರುಗಟ್ಟುತ್ತದೆ. ಹಾಗಾಗಿ ತಂತಿಯ ಪಂಜರ ಅದಕ್ಕೆ ಸಾವಿನ ಮನೆ. ಬೇಕಾದದ್ದು ಮುಚ್ಚಳವಿರುವ ಗಾಜಿನ ತೊಟ್ಟಿ, ಒಳಗೆ ನಮ್ಮ ಕರಾವಳಿಯ ಜುಲೈ ತಿಂಗಳ ಗಾಳಿಯಂತೆ ಶೇಕಡಾ 80ರ ಆಸುಪಾಸಿನ ತೇವ ಮತ್ತು 25ರಿಂದ 28 ಡಿಗ್ರಿಯ ಹದವಾದ ಬಿಸುಪು. ಎರಡು ಬಟ್ಟಲು ನೀರಿರಬೇಕು, ಒಂದರಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಅಕ್ವೇರಿಯಂ ಅಂಗಡಿಯ ಸಮುದ್ರ ಲವಣ ಬೆರೆಸಿದ ಉಪ್ಪುನೀರು. ಅಡುಗೆ ಉಪ್ಪು ನಡೆಯದು. ಶಂಖದೊಳಗಿನ ನೀರಿನ ಉಪ್ಪನ್ನು ಏಡಿ ಎರಡರಿಂದಲೂ ತುಂಬಿಕೊಂಡು ತಾನೇ ಸರಿದೂಗಿಸಿಕೊಳ್ಳುತ್ತದೆ. ಊಟಕ್ಕೆ ಹಣ್ಣು, ಕೊಬ್ಬರಿ, ಉಪ್ಪು ಹಾಕದ ಮೀನು, ಒಣ ಎಲೆ ಎಲ್ಲವೂ ಆದೀತು. ಸುಣ್ಣದಂಶಕ್ಕೆ ಪುಡಿಮಾಡಿದ ಮೊಟ್ಟೆಯ ಚಿಪ್ಪು, ಇಲ್ಲವೇ ಪಕ್ಷಿ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಬಿಳಿ ಸಮುದ್ರನೊರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮರಳು. ದೊಡ್ಡ ಏಡಿ ಪೂರ್ತಿ ಹೂತುಕೊಳ್ಳುವಷ್ಟು, ಕನಿಷ್ಠ ಒಂದು ಗೇಣು ಆಳ ಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಪೊರೆ ಬಿಡುವ ಕಾಲಕ್ಕೆ ಏಡಿ ಆ ಮರಳಿನೊಳಗೆ ಇಳಿದು ವಾರಗಟ್ಟಲೆ, ದೊಡ್ಡದಾದರೆ ತಿಂಗಳುಗಟ್ಟಲೆ, ಕಾಣೆಯಾಗುತ್ತದೆ. ಕತ್ತಲಲ್ಲಿ ಹಳೆಯ ಕವಚ ಕಳಚಿ, ಅದನ್ನೇ ತಿಂದು, ಅದರ ಸುಣ್ಣದಿಂದ ಹೊಸ ಕವಚ ಗಟ್ಟಿ ಮಾಡಿಕೊಳ್ಳುತ್ತದೆ. ಸತ್ತಿತೆಂದು ಆತಂಕಪಟ್ಟು ಅಗೆದು ತೆಗೆದರೆ ನಿಜವಾಗಿಯೂ ಸಾಯುತ್ತದೆ.

ಜೊತೆಗೆ ಒಂದೆರಡು ಏಡಿಗಳ ಸಹವಾಸ ಬೇಕು. ಅವುಗಳಿಗಿಂತ ಒಂದೊಂದು ಅಳತೆ ದೊಡ್ಡದಾದ ಖಾಲಿ ಶಂಖಗಳು ಸದಾ ಇರಬೇಕು. ಪ್ರವಾಸಿ ಅಂಗಡಿಗಳಲ್ಲಿ ಮಾರುವ ಬಣ್ಣ ಬಳಿದ ಶಂಖ ಬೇಡ. ಬಣ್ಣ ಎದ್ದು ಬಾಯಿಗೆ ಹೋಗುತ್ತದೆ. ಅಂಥ ಶಂಖಕ್ಕೆ ಸೇರಿಸಲೆಂದು ಏಡಿಯನ್ನು ಅದರ ಮನೆಯಿಂದ ಬಲವಂತವಾಗಿ ಹೊರಹಾಕುವುದೂ ಉಂಟು. ಬೆಲ್‌ಫಾಸ್ಟ್‌ನ ವಿಜ್ಞಾನಿ ರಾಬರ್ಟ್ ಎಲ್ವುಡ್ ಅವರ ಪ್ರಯೋಗದಲ್ಲಿ, ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟಾಗ ಒಗ್ಗದ ಶಂಖದಲ್ಲಿದ್ದ ಏಡಿಗಳು ಬೇಗ ಹೊರಬಂದವು, ಇಷ್ಟದ ಶಂಖದಲ್ಲಿದ್ದವು ನೋವು ತಡೆದುಕೊಂಡು ಅಲ್ಲೇ ಉಳಿದವು. ಮನೆ ಅವಕ್ಕೆ ಎಷ್ಟು ದೊಡ್ಡದೆಂಬುದಕ್ಕೆ ಬೇರೆ ಪುರಾವೆ ಬೇಡ.

ಇಷ್ಟೆಲ್ಲ ಮಾಡಿದರೆ ಈ ಏಡಿ 30 ವರ್ಷಕ್ಕೂ ಮೀರಿ ಬದುಕಬಲ್ಲದು. ಅಂಗಡಿಯಿಂದ ಹೋದವುಗಳಲ್ಲಿ ಬಹುಪಾಲು ಕೆಲವೇ ತಿಂಗಳಲ್ಲಿ ಸಾಯುತ್ತವೆ. ಮರಿಗಳು ಕಡಲಲ್ಲೇ ಬೆಳೆಯಬೇಕಾದ್ದರಿಂದ ಮನೆಯಲ್ಲಿ ಇದರ ಸಂತಾನ ಬೆಳೆಸುವುದು ಬಹಳ ಕಷ್ಟ. ಮಾರಾಟಕ್ಕೆ ಬರುವ ಹೆಚ್ಚುಕಡಿಮೆ ಪ್ರತಿ ಏಡಿಯೂ ಯಾವುದೋ ತೀರದಿಂದ ಹಿಡಿದು ತಂದದ್ದು. ಜಪಾನು 1970ರಲ್ಲೇ ತನ್ನ ನೆಲವಾಸಿ ಸನ್ಯಾಸಿ ಏಡಿಗಳನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಈಗಾಗಲೇ ಕೈಗೆ ಬಂದ ಏಡಿಯನ್ನು ಚೆನ್ನಾಗಿ ನೋಡಿಕೊಳ್ಳೋಣ. ಹೊಸದನ್ನು ಕೊಳ್ಳುವ ಆಸೆಯನ್ನು ಬಿಡೋಣ.

ಸಾಲಿನ ಕೊನೆಯ ಚಿಪ್ಪು

ಇನ್ನೊಂದು ಪ್ರಶ್ನೆ ಉಳಿದಿದೆ. ಸರಪಳಿಯಲ್ಲಿ ಪ್ರತಿ ಏಡಿಯೂ ತನ್ನ ಹಳೆಯ ಮನೆಯನ್ನು ಹಿಂದಿನದಕ್ಕೆ ಬಿಟ್ಟು ಏರಿತು. ಸಾಲಿನ ಕಟ್ಟಕಡೆಯ, ಎಲ್ಲಕ್ಕಿಂತ ಚಿಕ್ಕ ಏಡಿ ಬಿಟ್ಟುಹೋದ ಚಿಪ್ಪು ಯಾರಿಗೆ?

ತಾಯಿ ಏಡಿ ಮೊಟ್ಟೆಗಳನ್ನು ಕಡಲಿಗೆ ಬಿಟ್ಟ ಮೇಲೆ ಮರಿಗಳು ವಾರಗಟ್ಟಲೆ ಅಲೆಗಳಲ್ಲಿ ತೇಲುತ್ತ, ಹಲವು ಬಾರಿ ಪೊರೆ ಬಿಟ್ಟು ರೂಪ ಬದಲಿಸುತ್ತವೆ. ಹೆಚ್ಚಿನವು ಮೀನುಗಳ ಪಾಲಾಗುತ್ತವೆ. ಉಳಿದವು ಅಕ್ಕಿಕಾಳಿಗಿಂತ ಚಿಕ್ಕದಾಗಿರುವಾಗಲೇ ತಳಕ್ಕಿಳಿದು, ಮೆತ್ತಗಿನ ಹೊಟ್ಟೆ ಹೊತ್ತು, ಬದುಕಿನ ಮೊದಲ ಮನೆಗಾಗಿ ಮರಳು ತಡಕುತ್ತವೆ.

ಮುಂದಿನ ಬಾರಿ ಮರಳಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ, ಸುರುಳಿ ಸುತ್ತಿದ ಚಿಪ್ಪೊಂದು ಕಂಡರೆ ಅಂಗೈಯಲ್ಲಿಟ್ಟು ಮಕ್ಕಳಿಗೆ ತೋರಿಸಿ. ಬಾಯಿ ಯಾವ ಕಡೆಗಿದೆ ಎಂದು ಕೇಳಿ. ಆಮೇಲೆ ನೀರಿನ ಅಂಚಿನಲ್ಲಿ, ಸಿಕ್ಕಿದ ಜಾಗದಲ್ಲೇ ಇಟ್ಟುಬಿಡಿ. ಅದಕ್ಕೆ ಬಾಡಿಗೆದಾರ ಹೊರಟಿದ್ದಾನೆ.